ತುದಿಗೂದಲಿಗೆ ಎಂಟು ವರ್ಷ

ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ನಮ್ಮ ಮನೆಯ ಕನ್ನಡಿಯ ಮುಂದೆ ದಿನವೂ ಒಂದು ತುರ್ತು ಸಭೆ ನಡೆಯುತ್ತದೆ. ಹಾಜರಿರುವವರು ನಾನು, ನನ್ನ ಕೂದಲು ಮತ್ತು ಗೋಡೆ ಗಡಿಯಾರ. ಚರ್ಚೆಯ ವಿಷಯ ಒಂದೇ: ಇವತ್ತು ಜಡೆಯೋ, ತುರುಬೋ? ತಿಂಡಿಗೇನು ಎಂಬ ಪ್ರಶ್ನೆಗಾದರೂ ಹಿಂದಿನ ರಾತ್ರಿಯೇ ಉತ್ತರ ಸಿಕ್ಕಿರುತ್ತದೆ. ಹಿಟ್ಟು ರುಬ್ಬಿಟ್ಟಿದ್ದರೆ ದೋಸೆ, ಮರೆತಿದ್ದರೆ ಉಪ್ಪಿಟ್ಟು. ಕೂದಲಿನ ವಿಚಾರ ಅಷ್ಟು ಸುಲಭವಲ್ಲ. ಮಳೆ ಬರುವ ಹಾಗಿದೆಯೇ, ಸ್ಕೂಟರೋ ಬಸ್ಸೋ, ನಿನ್ನೆ ಎಣ್ಣೆ ಹಚ್ಚಿದ್ದೆನೋ ಇಲ್ಲವೋ, ಬ್ಯಾಂಕಿಗೆ ಇವತ್ತು ಆಡಿಟ್‌ನವರು ಬರುತ್ತಾರೋ ಏನೋ, ಎಲ್ಲವನ್ನೂ ತೂಗಿ ನೋಡಬೇಕು.

ನಮ್ಮ ಯಜಮಾನರು ಆ ಕಡೆಯಿಂದ ಈ ಕಡೆ ಹಾದುಹೋಗುತ್ತ "ಇನ್ನೂ ಆಗ್ಲಿಲ್ವಾ?" ಎನ್ನುತ್ತಾರೆ. ಅವರಿಗೆ ಈಗ ಬಾಚಣಿಗೆಯ ಹಂಗಿಲ್ಲ, ಟವೆಲ್ಲಿನಲ್ಲಿ ಒಮ್ಮೆ ಒರೆಸಿದರೆ ತಲೆ ಬಾಚಿದ ಹಾಗೆಯೇ. "ಕೂದಲಿದ್ದೋಳು ಹೇಗೆ ತುರುಬು ಕಟ್ಟಿದರೂ ಚೆಂದ" ಎಂಬ ಗಾದೆಯನ್ನು ಬೇರೆ ಹೇಳುತ್ತಾರೆ. ಈ ಗಾದೆ ಕಟ್ಟಿದವರು ಗಂಡಸರೇ ಇರಬೇಕು ಎಂಬುದು ನನ್ನ ಬಲವಾದ ಗುಮಾನಿ. ಚೆಂದ ಕಾಣುವುದೇನೋ ಸರಿಯೇ. ಹೇಗೆ ಕಟ್ಟಿದರೆ ಆ ಕೂದಲು ನಾಳೆಯೂ ತಲೆಯ ಮೇಲಿರುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ.

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಹೊಲಿಗೆ ಪೆಟ್ಟಿಗೆಯಿಂದ ಅಳತೆ ಟೇಪು ತೆಗೆದು ನನ್ನ ಕೂದಲು ಅಳೆದಳು. ಬುಡದಿಂದ ತುದಿಗೆ 96 ಸೆಂಟಿಮೀಟರ್. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ತುದಿಗೆ 96 ತಿಂಗಳು, ಅಂದರೆ ಎಂಟು ವರ್ಷ. ಇಪ್ಪತ್ತಾರು ವರ್ಷದಿಂದ ಊರವರ ಠೇವಣಿಗಳ ಅವಧಿ ಲೆಕ್ಕ ಹಾಕುತ್ತಿರುವ ನನಗೆ ನನ್ನ ಬೆನ್ನ ಮೇಲೇ ಎಂಟು ವರ್ಷದ ಠೇವಣಿಯೊಂದು ತೂಗುತ್ತಿದೆ ಎಂದು ಗೊತ್ತಿರಲಿಲ್ಲ. ಈ ತುದಿ ಕೊರೋನಾಕ್ಕಿಂತ ಮೊದಲೇ ಹುಟ್ಟಿದ್ದು. ನಾವೆಲ್ಲ ಮಾಸ್ಕ್ ಹಾಕಿಕೊಂಡು ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದಾಗ ಇದು ನನ್ನ ಭುಜದ ಹತ್ತಿರ ಎಲ್ಲೋ ಇತ್ತು. ದಿನಕ್ಕೆ ಎರಡು ಸಲ ಎಂದು ಹಿಡಿದರೂ ಆರು ಸಾವಿರದ ಹತ್ತಿರ ಹತ್ತಿರ ಬಾಚಿಸಿಕೊಂಡಿದೆ. ಬುಡದಲ್ಲಿರುವುದು ನಿನ್ನೆ ಮೊನ್ನೆ ಹುಟ್ಟಿದ ಕೂಸು, ತುದಿಯಲ್ಲಿರುವುದು ಹಣ್ಣು ಮುದುಕಿ. ಒಂದೇ ಎಳೆಯಲ್ಲಿ ಅವಿಭಕ್ತ ಕುಟುಂಬ!

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಮೈ ನಮ್ಮೂರಿನ ಹೆಂಚಿನ ಮಾಡಿನ ಹಾಗೆಯೇ ಕಾಣುತ್ತದೆ. ಒಂದರ ಮೇಲೊಂದು ಅಂಚು ಹೊದ್ದ ಹೆಂಚುಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರು. ಹೊಸ ಮಾಡು ನಯವಾಗಿರುತ್ತದೆ. ವರ್ಷ ಕಳೆದಂತೆ ಬಿಸಿಲು, ಬಾಚಣಿಗೆ, ಕುರ್ಚಿಯ ಬೆನ್ನು, ಸೀರೆಯ ಪಿನ್ನು ಎಲ್ಲ ತಾಗಿ ತಾಗಿ ಹೆಂಚು ಸರಿಯುತ್ತದೆ, ಒಡೆಯುತ್ತದೆ, ಉದುರುತ್ತದೆ. ತುದಿಯ ಹತ್ತಿರ ಬರೀ ಪಕಾಸಿಯಷ್ಟೇ ಉಳಿದು ಅದೂ ಸೀಳುತ್ತದೆ. ಮನೆಯ ಹೆಂಚನ್ನಾದರೆ ಮಳೆಗಾಲಕ್ಕೆ ಮೊದಲು ಕೈಯಾಡಿಸಿಕೊಳ್ಳಬಹುದು. ಕೂದಲಿಗೆ ಆ ಭಾಗ್ಯವಿಲ್ಲ. ಚರ್ಮದಿಂದ ಹೊರಗೆ ಬಂದ ಮೇಲೆ ಅದಕ್ಕೆ ಜೀವವಿಲ್ಲ, ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳಲಾರದು. ಜಾಹೀರಾತಿನವರು ಏನೇ ಹೇಳಲಿ, ಸೀಳಿದ ತುದಿಗೆ ಕತ್ತರಿಯೊಂದೇ ಮದ್ದು. ಸೀಳುವ ಮೊದಲಾದರೆ ನಾವೂ ಏನಾದರೂ ಮಾಡಬಹುದು. ಉಜ್ಜಬಾರದು, ಎಳೆಯಬಾರದು, ಮುದುಕಿಯನ್ನು ಗಾಳಿಗೆ ಬಿಡದೆ ಒಳಗೆ ಬೆಚ್ಚಗೆ ಕೂರಿಸಬೇಕು.

"ಅದಕ್ಕೇ ಅಮ್ಮಾ, ಪ್ರೊಟೆಕ್ಟಿವ್ ಸ್ಟೈಲ್ ಮಾಡ್ಕೋಬೇಕು" ಎಂದು ಮಗಳು ಮೊಬೈಲ್ ಹಿಡಿದಳು. ಅದರಲ್ಲಿ ಒಬ್ಬ ಹುಡುಗಿ ಕೂದಲನ್ನು ತಿರುಚಿ, ಸುತ್ತಿ, ತುದಿಯನ್ನು ಒಳಗೆ ತೂರಿಸಿ, ಕತ್ತಿನ ಹಿಂದೆ ಗಂಟು ಮಾಡಿ ಒಂದು ಕಡ್ಡಿ ಚುಚ್ಚಿದಳು. ಅದಕ್ಕೆ ಬನ್ ಎಂದು ಹೆಸರು. ನನಗೆ ಬನ್ ಎಂದರೆ ಬೇಕರಿಯದ್ದು, ಬನ್ಸ್ ಎಂದರೆ ಬಾಳೆಹಣ್ಣು ಕಲಸಿ ಕರಿದ ಮಂಗಳೂರಿನದ್ದು. ಈ ಹುಡುಗಿಯ ತಲೆಯ ಮೇಲಿದ್ದದ್ದು ನಮ್ಮಜ್ಜಿಯ ತುರುಬು. ಅಜ್ಜಿ ಕಡ್ಡಿಯನ್ನೂ ಬಳಸುತ್ತಿರಲಿಲ್ಲ, ಕೂದಲಿನಿಂದಲೇ ಕೂದಲಿಗೆ ಗಂಟು ಹಾಕುತ್ತಿದ್ದಳು.

ಅಜ್ಜಿಯ ಹತ್ತಿರ ಹೋಗಬೇಕಾದರೆ ಮೊದಲು ಅಮ್ಮನನ್ನು ದಾಟಬೇಕು. ಐದನೇ ವರ್ಷದಿಂದ ಹದಿನಾರರವರೆಗೆ ನನ್ನ ತಲೆ ಅಮ್ಮನ ನೇರ ಆಡಳಿತದಲ್ಲಿತ್ತು. ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಶಾಲೆಗೆ ಎರಡು ಮೈಲಿ ನಡಿಗೆ. ಬೆಳಗ್ಗೆ ಹಾಕಿದ ಜಡೆ ಸಂಜೆ ಅದೇ ಸ್ಥಿತಿಯಲ್ಲಿ ಮನೆಗೆ ಮರಳಬೇಕೆಂಬುದು ಕಾನೂನು. ಅಮ್ಮ ನನ್ನನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಹರಳೆಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆಯನ್ನು ಹಣೆಗಿಳಿಯುವಷ್ಟು ಹಚ್ಚಿ, ಮೂಗಿನ ನೇರಕ್ಕೆ ಬೈತಲೆ ತೆಗೆದು, ಎರಡು ಜಡೆ ಬಿಗಿದು, ಅವನ್ನು ಮಡಚಿ ಕಿವಿಯ ಹಿಂದೆ ಕಪ್ಪು ಟೇಪಿನಿಂದ ಹೂವು ಕಟ್ಟುತ್ತಿದ್ದಳು. ಅಲುಗಾಡಿದರೆ ಬಾಚಣಿಗೆಯ ಬೆನ್ನಿನಿಂದ ಒಂದು ಏಟು. ಬಿಗಿ ಎಂದರೆ ಎಂಥ ಬಿಗಿ! ನಮ್ಮ ಏಳನೇ ಕ್ಲಾಸಿನ ಗ್ರೂಪ್ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಹುಡುಗರೆಲ್ಲ ಮಾಮೂಲಿ ಮುಖ ಮಾಡಿಕೊಂಡು ನಿಂತಿದ್ದಾರೆ. ಹುಡುಗಿಯರು ಮಾತ್ರ ಒಬ್ಬರೂ ಬಿಡದಂತೆ ಹುಬ್ಬೇರಿಸಿ, ಏನೋ ಆಶ್ಚರ್ಯದ ಸುದ್ದಿ ಈಗಷ್ಟೇ ಕೇಳಿದವರ ಹಾಗೆ ನೋಡುತ್ತಿದ್ದಾರೆ. ಫೋಟೋದವನು ಏನೂ ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಅಮ್ಮಂದಿರಿದ್ದರು, ಅಷ್ಟೇ.

ಅಮ್ಮನ ಪ್ರಕಾರ ಬಿಗಿ ಜಡೆ ಒಳ್ಳೆಯ ನಡತೆಯ ಗುರುತು. ಸಡಿಲವಾದರೆ ಸೋಮಾರಿ. ಓರೆ ಬೈತಲೆ ತೆಗೆದರೆ ಹುಡುಗಿ ಕೈಬಿಟ್ಟು ಹೋದಳೆಂದೇ ಅರ್ಥ. ನಾನೂ ಅದನ್ನೇ ನಂಬಿಕೊಂಡು, ಮದುವೆಯಾದ ಮೇಲೂ ನನ್ನ ಕೈಯಿಂದಲೇ ನನ್ನ ತಲೆಯನ್ನು ಬಿಗಿಯುತ್ತ ಬಂದೆ. ನಲವತ್ತು ದಾಟಿದ ಮೇಲೆ ಕಣತಲೆಯ ಮೇಲೆ, ಕಿವಿಯ ಮುಂದೆ ಕೂದಲು ತೆಳುವಾಗಿ ಚರ್ಮ ಕಾಣತೊಡಗಿತು. ಬೈತಲೆ ಕಾಲುದಾರಿಯಿಂದ ಜಿಲ್ಲಾ ಮುಖ್ಯರಸ್ತೆಯಾಯಿತು. ಚರ್ಮದ ಡಾಕ್ಟರು ಔಷಧಿ ಬರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಜಡೆ ಬಿಗಿಯಾಗಿ ಹಾಕ್ಕೋತೀರಾ?"

ಬರೀ ಎಳೆತದಿಂದಲೇ ಕೂದಲು ಹೋಗುವುದಕ್ಕೆ ವೈದ್ಯರ ಭಾಷೆಯಲ್ಲಿ ಟ್ರ್ಯಾಕ್ಷನ್ ಅಲೋಪೇಶಿಯಾ ಎಂಬ ಹೆಸರಿದೆ. ಇದನ್ನು ಗುರುತಿಸಿ ಬರೆದದ್ದು 1907ರಲ್ಲಿ, ಅದೂ ಗ್ರೀನ್‌ಲ್ಯಾಂಡಿನ ಹೆಂಗಸರನ್ನು ನೋಡಿ. ಅವರು ಕೂದಲನ್ನು ಎಳೆದು ನೆತ್ತಿಯ ಮೇಲೆ ಬಿಗಿಯಾಗಿ ಕಟ್ಟುತ್ತಿದ್ದರು. ಪೇಟದೊಳಗೆ ಕೂದಲು ಬಿಗಿದು ಗಂಟು ಹಾಕುವ ಸಿಖ್ಖರಲ್ಲೂ ಇದು ಕಂಡಿದೆ. ಮಂಜುಗಡ್ಡೆಯ ನಾಡಿನಲ್ಲೂ ಅಮ್ಮಂದಿರು ಹೀಗೆಯೇ ಎಂದು ತಿಳಿದು ನನಗೆ ಒಂಥರಾ ಸಮಾಧಾನವಾಯಿತು. ಬೇಗ ಎಚ್ಚೆತ್ತು ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಾನುಗಟ್ಟಲೆ ಎಳೆದರೆ ಬುಡವೇ ಸಾಯುತ್ತದೆ. ಅಮ್ಮನಿಗೆ ಫೋನ್ ಮಾಡಿ ಇಷ್ಟೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ನಾನು ಬಿಗಿದು ಕಟ್ಟಿದ್ಕೇ ಇಷ್ಟಾದ್ರೂ ಉಳ್ಕಂಡಿರದು" ಎಂದಳು. ಗ್ರೀನ್‌ಲ್ಯಾಂಡಿನವರ ಅಮ್ಮಂದಿರೂ ಇದನ್ನೇ ಹೇಳಿರುತ್ತಾರೆ.

ಅಂದಿನಿಂದ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಜಡೆ ಹಾಕಿದ ಮೇಲೆ ಕನ್ನಡಿ ನೋಡಿ ಹುಬ್ಬು ಎತ್ತಿ ಇಳಿಸುತ್ತೇನೆ. ನೆತ್ತಿ ಚುರುಕ್ ಎಂದರೆ ಬಿಚ್ಚಿ ಮತ್ತೆ ಹಾಕಬೇಕು. ವಾರಕ್ಕೊಮ್ಮೆ ಬೈತಲೆಯ ದಾರಿಯನ್ನೂ ಬದಲಿಸುತ್ತೇನೆ. ಅಮ್ಮ ಬಂದಾಗ ಮಾತ್ರ ಮೂಗಿನ ನೇರ.

ಇನ್ನು ಅಜ್ಜಿ. ಅವಳಿಗೆ ಅವಸರವೆಂಬುದೇ ಇರಲಿಲ್ಲ, ಅದರಿಂದ ಕೂದಲಿಗೆ ಲಾಭವಾಯಿತು. ಅವಳು ಬಾಚುತ್ತಿದ್ದದ್ದು ತುದಿಯಿಂದ. ಕೂದಲನ್ನು ನಡುವಿನಲ್ಲಿ ಮುಷ್ಟಿಯಲ್ಲಿ ಹಿಡಿದುಕೊಂಡು, ಹಿಡಿತದ ಕೆಳಗಿನ ನಾಲ್ಕು ಬೆರಳಿನಷ್ಟನ್ನು ಮೊದಲು ಬಿಡಿಸಿ, ಆಮೇಲೆ ಮುಷ್ಟಿಯನ್ನು ಮೇಲೆ ಸರಿಸುತ್ತಿದ್ದಳು. ಎಳೆತವೆಲ್ಲ ಮುಷ್ಟಿಗೆ, ಬುಡಕ್ಕೆ ನೋವಿಲ್ಲ. ನೆತ್ತಿಯಿಂದ ಒಂದೇ ಏಟಿಗೆ ಬಾಚಣಿಗೆ ಎಳೆದರೆ ದಾರಿಯುದ್ದದ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಸಿಕ್ಕಾಗಿ ಕೂರುತ್ತವೆ. ಆಮೇಲೆ ಬಾಚಣಿಗೆಯ ಹಲ್ಲು ಮುರಿಯಬೇಕು, ಇಲ್ಲ ಕೂದಲು.

ಆಷಾಢ ಶ್ರಾವಣದಲ್ಲಿ ನಮ್ಮ ಕಡೆ ಯಾವುದೂ ಒಣಗುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಸೌದೆ ಒಣಗುವುದಿಲ್ಲ, ಹೆಂಗಸರ ತಲೆಯಂತೂ ಶುಕ್ರವಾರ ಮಿಂದರೆ ಮಂಗಳವಾರದವರೆಗೂ ಥಂಡಿ. ದಾಸವಾಳದ ಸೊಪ್ಪನ್ನು ಕಿವುಚಿ ಲೋಳೆ ಲೋಳೆಯಾದ ಗೊಂಪು ಮಾಡಿ, ಸೀಗೆಯ ಜೊತೆ ಹಾಕಿ ಅಜ್ಜಿ ನಮ್ಮ ತಲೆ ತಿಕ್ಕುತ್ತಿದ್ದಳು. ಒರೆಸಲು ಅಜ್ಜ ಉಟ್ಟು ಉಟ್ಟು ಹೂವಿನಂತಾದ ಹಳೆಯ ಪಂಚೆಯ ತುಂಡು. ತಿಕ್ಕಿ ಒರೆಸುವುದಲ್ಲ, ಸುತ್ತಿಟ್ಟು ಒತ್ತುವುದು. ಆಮೇಲೆ ಬಚ್ಚಲೊಲೆಯ ಮುಂದೆ ಬೆನ್ನು ಮಾಡಿ ಕೂತರೆ, ಒಣಗಿದ ಕೂದಲಿಗೆ ಮಾರನೆಯ ದಿನ ಶಾಲೆಯಲ್ಲಿ ಹೊಗೆಯ ವಾಸನೆ. ಈಗಿನ ಹುಡುಗಿಯರು ಟರ್ಕಿ ಟವೆಲ್ಲಿನ ಕುಣಿಕೆಗಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆಂದು ಹಳೆಯ ಟೀ ಶರ್ಟಿನಲ್ಲಿ ತಲೆ ಸುತ್ತುತ್ತಾರಂತೆ. ಅಜ್ಜನ ಪಂಚೆಗೆ ಟೀ ಶರ್ಟ್ ವಾರಸುದಾರನಾಗಿದೆ ಎಂದುಕೊಂಡೆ.

ಒದ್ದೆ ಕೂದಲಿಗೆ ಬಲ ಕಡಿಮೆ. ನೀರು ಒಳಹೊಕ್ಕು ಅದರ ಒಳಗಿನ ಕೆಲವು ಬಂಧಗಳನ್ನು ಸಡಿಲಿಸುತ್ತದೆ, ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ, ಹಿಗ್ಗಿ ತುಂಡಾಗುತ್ತದೆ. ಆದ್ದರಿಂದ ಒದ್ದೆ ತಲೆಗೆ ಬಿಗಿ ಜಡೆ ಕೂಡದು. ಹಾಗೆಂದು ಬಿಟ್ಟುಕೊಂಡು ಒಲೆಯ ಮುಂದೆ ಓಡಾಡುವ ಹಾಗೂ ಇಲ್ಲ. ಇದಕ್ಕೆಂದೇ ನಮ್ಮ ಹೆಂಗಸರು ನೀರುಜಡೆ ಕಂಡುಹಿಡಿದರು. ಎರಡು ಕಿವಿಯ ಬಳಿಯಿಂದ ಸಣ್ಣ ಎಳೆ ತೆಗೆದು ಹಿಂದಕ್ಕೆ ತಂದು, ಉಳಿದ ಕೂದಲಿನ ಮೇಲೆ ಸಡಿಲವಾಗಿ ಹೆಣೆದು ಕೆಳಗೆ ಗಂಟು ಹಾಕಿದರೆ ಮುಗಿಯಿತು. ಒಳಗೆ ಗಾಳಿಯಾಡುತ್ತದೆ, ಕೂದಲು ಹಾರುವುದಿಲ್ಲ, ಮನೆಗೆ ಯಾರಾದರೂ ಬಂದರೆ ತಲೆ ಬಾಚಿಕೊಂಡವರ ಹಾಗೇ ಕಾಣುತ್ತೇವೆ. ಇಷ್ಟು ಜಾಣ ವ್ಯವಸ್ಥೆಗೆ ಇಂಗ್ಲಿಷ್ ಹೆಸರೊಂದಿದ್ದಿದ್ದರೆ ನನ್ನ ಮಗಳು ಎಂದೋ ಕಲಿತಿರುತ್ತಿದ್ದಳು.

ಎಣ್ಣೆಯ ವಿಷಯದಲ್ಲಿ ಅಜ್ಜಿ ಮತ್ತು ಅಮ್ಮ ಒಂದೇ ಪಕ್ಷ, ತೆಂಗಿನೆಣ್ಣೆಯ ಪಕ್ಷ. ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ತಡೆದದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು, ಹಾಗಾಗಿ ಕೂದಲಿನೊಳಕ್ಕೆ ನುಸುಳುತ್ತದೆ. ಆ ಇಬ್ಬರೂ ತೆಂಗಿನೆಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನೂ ಹೇಳಿಬಿಡುತ್ತೇನೆ, ಬ್ಯಾಂಕಿನವಳಾಗಿ ಜಾಮೀನುದಾರರ ಸಂಬಂಧ ಮುಚ್ಚಿಡುವುದು ಸರಿಯಲ್ಲ. ನಮ್ಮಜ್ಜಿಯೂ ಪೂರ್ತಿ ನಿಷ್ಪಕ್ಷಪಾತಿಯಲ್ಲ ಬಿಡಿ, ಅವಳಿಗೆ ಹಿತ್ತಲಲ್ಲಿ ಹನ್ನೊಂದು ತೆಂಗಿನಮರಗಳಿದ್ದವು.

ಅಜ್ಜಿಯ ತುರುಬು, ನೀರುಜಡೆ ಎಲ್ಲ ಸರಿಯೇ. ಆದರೆ ಅಜ್ಜಿ ಹೆಲ್ಮೆಟ್ ಹಾಕಿದವಳಲ್ಲ. 2016ರಲ್ಲಿ ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದಾಗ, ನಾನು ಯಜಮಾನರ ಬೈಕಿನ ಹಿಂದೆ ತುರುಬಿನ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಹೋದೆ. ಇಟ್ಟುಕೊಂಡು ಎಂದೆ, ಹಾಕಿಕೊಂಡು ಎನ್ನಲಿಲ್ಲ, ಏಕೆಂದರೆ ಅದು ಗೋಪುರದ ಕಳಶದ ಹಾಗೆ ಮೇಲೆಯೇ ನಿಂತಿತ್ತು. ಹೆಲ್ಮೆಟ್ ಮಾಡುವವರು ತುರುಬಿನ ಲೆಕ್ಕವನ್ನು ಇಟ್ಟಿಲ್ಲ. ಜಡೆಯನ್ನು ಹೊರಗೆ ಬಿಟ್ಟರೆ ಗಾಳಿಗೆ ಚಾಟಿಯಂತೆ ಬೀಸಿ, ಬ್ಯಾಂಕು ಮುಟ್ಟುವಷ್ಟರಲ್ಲಿ ತುದಿ ಗುಬ್ಬಚ್ಚಿ ಗೂಡಾಗಿರುತ್ತದೆ. ಬಹಳ ಪ್ರಯೋಗಗಳ ನಂತರ ಈಗಿನ ಪದ್ಧತಿಗೆ ಬಂದಿದ್ದೇನೆ. ಕುತ್ತಿಗೆಯ ಹತ್ತಿರದಿಂದ ಶುರುವಾಗುವ ಸಡಿಲ ಜಡೆ, ತುದಿಗೆ ಬಟ್ಟೆ ಸುತ್ತಿದ ಬ್ಯಾಂಡು, ಜಡೆಯನ್ನು ಜಾಕೆಟ್ಟಿನೊಳಗೆ ಇಳಿಬಿಡುವುದು. ಬ್ಯಾಂಕಿಗೆ ಹೋದ ಮೇಲೆ ಅದೇ ಜಡೆಯನ್ನು ಸುತ್ತಿ, ತುದಿಯನ್ನು ಒಳಗೆ ತೂರಿ, ಪೆನ್ನು ಸಿಕ್ಕಿಸಿದರೆ ತುರುಬು. ಮೊದಲ ದಿನ ನನ್ನನ್ನು ನೋಡಿ ಧಾರವಾಡದ ನಮ್ಮ ಕ್ಯಾಷಿಯರ್ ಮೇಡಂ ಹೌಹಾರಿದರು. "ಏನ್ರೀ ಮೇಡಂ, ಹೆರಳ ಹಾಕ್ಕೊಂಡು ಅದನ್ನ ಮತ್ತ ಗಂಟ ಕಟ್ಟೀರಿ? ಮ್ಯಾಲ ಪೆನ್ನ ಬ್ಯಾರೆ!" ಅವರ ಹೆರಳು ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಒಂದು ಎಳೆ ಅತ್ತಿತ್ತ ಸರಿಯುವುದಿಲ್ಲ. ನಮ್ಮಮ್ಮನಿಗೆ ಅವರನ್ನು ಕಂಡರೆ ಬಹಳ ಗೌರವ.

ಕೂದಲು ಬಿಟ್ಟುಕೊಂಡು ಬರುವ ಹೊಸ ಹುಡುಗಿಯರೂ ನಮ್ಮ ಶಾಖೆಯಲ್ಲಿದ್ದಾರೆ. ನೋಡಲು ಬಲು ಚೆಂದ, ಫ್ಯಾನಿನ ಕೆಳಗೆ ಹತ್ತು ನಿಮಿಷದವರೆಗೆ. ಬಿಚ್ಚುಮುಡಿ ಎಂದರೆ ನನಗೆ ದ್ರೌಪದಿಯೇ ನೆನಪು. ಭಟ್ಟನಾರಾಯಣನ ಸಂಸ್ಕೃತ ನಾಟಕಕ್ಕೆ ವೇಣೀಸಂಹಾರ, ಅಂದರೆ ಜಡೆ ಕಟ್ಟುವುದು ಎಂದೇ ಹೆಸರು. ಕೊನೆಯಲ್ಲಿ ಭೀಮ ಅವಳ ಮುಡಿ ಕಟ್ಟುತ್ತಾನೆ. ಅಷ್ಟು ವರ್ಷ ಎಣ್ಣೆ ಬಾಚಣಿಗೆ ಕಾಣದ ಕೂದಲು! ದುರ್ಯೋಧನನ ತೊಡೆ ಮುರಿಯುವುದು ಒಂದು ಗದೆಯೇಟಿನ ಕೆಲಸ. ಆ ಸಿಕ್ಕು ಬಿಡಿಸಲು ಭೀಮನಿಗೆ ಎಷ್ಟು ಹೊತ್ತಾಯಿತು, ತುದಿಯಿಂದ ಶುರುಮಾಡಿದನೋ ಬುಡದಿಂದಲೋ, ಯಾವ ಕವಿಯೂ ಬರೆದ ಹಾಗಿಲ್ಲ. ಕವಿಗಳೂ ಗಂಡಸರೇ ತಾನೆ.

ಮದುವೆಯ ಮೊಗ್ಗಿನ ಜಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿತ್ಯದ ಕಥೆಯಲ್ಲ. ಅಣ್ಣನ ಮಗಳ ಮದುವೆಯ ರಾತ್ರಿ ಅವಳ ತಲೆಯಿಂದ ನಾನು ತೆಗೆದ ಹೇರ್‌ಪಿನ್ನುಗಳು ನಲವತ್ತಮೂರು, ಜೊತೆಗೆ ಚೌರಿ, ಜಡೆಬಿಲ್ಲೆ, ಕುಚ್ಚು. "ಅತ್ತೆ, ತಲೆ ಹಗುರಾಯ್ತು" ಎಂದವಳು ಕೂತಲ್ಲೇ ನಿದ್ದೆ ಹೋದಳು.

ಎಷ್ಟೇ ಜೋಪಾನ ಮಾಡಿದರೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ ಎನ್ನುತ್ತಾರೆ ಡಾಕ್ಟರು. ತಲೆಯಲ್ಲಿ ಸುಮಾರು ಒಂದು ಲಕ್ಷ ಇರುವುದರಿಂದ ಗಾಬರಿ ಬೇಡ. ಅಜ್ಜಿ ಆ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಜಂತಿಯ ಸಂದಿನಲ್ಲಿ ಸಿಕ್ಕಿಸುತ್ತಿದ್ದಳು. ವರ್ಷಕ್ಕೊಮ್ಮೆ ಕೂದಲು ಕೊಳ್ಳುವವನು ಬಂದಾಗ ಅದಕ್ಕೊಂದು ಸ್ಟೀಲ್ ಲೋಟವೋ, ಒಂದು ಪೊಟ್ಟಣ ಪಿನ್ನೋ ಸಿಗುತ್ತಿತ್ತು. ಆ ಉಂಡೆಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಒಮ್ಮೆ ಕೊಪ್ಪಳಕ್ಕೆ ಡೆಪ್ಯುಟೇಷನ್ ಮೇಲೆ ಹೋದಾಗ ಪಕ್ಕದ ಭಾಗ್ಯನಗರದಲ್ಲಿ ನೋಡಿದೆ. ಅಲ್ಲಿ ಕೂದಲಿನದೇ ಉದ್ಯಮ. ಊರೂರಿನಿಂದ ಬಂದ ಸಿಕ್ಕುಗಟ್ಟಿದ ಉಂಡೆಗಳನ್ನು ಹೆಂಗಸರು ಸಾಲಾಗಿ ಕೂತು ಬಿಡಿಸುತ್ತಾರೆ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಅದು ಮುಂದೆ ವಿಗ್ಗಾಗಿ ಯಾವ ದೇಶದ ಯಾರ ತಲೆಯನ್ನೋ ಸೇರುತ್ತದೆ. ಒಬ್ಬಾಕೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, ಒಂದೊಂದೇ ಎಳೆಯನ್ನು ಎಳೆಯದೆ ಹೊರತೆಗೆಯುತ್ತಿದ್ದರು. ಸೋಮವಾರ ಬೆಳಗಿನ ಅವಸರದಲ್ಲಿ ನಾನು ಪರಪರ ಎಳೆದು ಕಿತ್ತ ಸಿಕ್ಕನ್ನು ಯಾರೋ ಕೂಲಿಗೆ ಕೂತು ಸಾವಧಾನವಾಗಿ ಬಿಡಿಸುತ್ತಿದ್ದಾರೆ! ಅವರ ಸ್ವಂತ ಕೂದಲು ಸಣ್ಣ ಗಂಟಾಗಿ ಕತ್ತಿನ ಮೇಲಿತ್ತು. ಊರಿಗೆ ಬಂದ ಮೇಲೆ ಕೆಲವು ದಿನ ನಾನು ತುದಿಯಿಂದ ಬಾಚಿದೆ. ಆಮೇಲೆ ಮತ್ತೆ ಎಂಟೂ ಇಪ್ಪತ್ತಾಯಿತು.

ಹೋದ ತಿಂಗಳ ಒಂದನೇ ತಾರೀಖು, ಪಿಂಚಣಿಯ ದಿನ. ಕೌಂಟರಿನ ಪೆನ್ನಿಗೆ ಬ್ಯಾಂಕು ದಾರ ಕಟ್ಟಿಟ್ಟಿರುತ್ತದೆ. ಅವತ್ತು ದಾರ ಮಾತ್ರ ನೇತಾಡುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಸ್ಲಿಪ್ಪು ಹಿಡಿದು, "ಅಮ್ಮಾ, ಒಂದು ಪೆನ್ನು ಕೊಡ್ತೀಯಾ?" ಎಂದರು. ಯೋಚಿಸದೆ ತುರುಬಿಗೆ ಕೈ ಹಾಕಿ ಎಳೆದುಕೊಟ್ಟೆ. ಎಂಟು ವರ್ಷದ ತುದಿ ಸುರುಳಿ ಬಿಚ್ಚಿಕೊಂಡು ಬಂದು ಇಂಕ್ ಪ್ಯಾಡಿನ ಮೇಲೆ ಬಿತ್ತು. ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಸ್ಲಿಪ್ಪು ತುಂಬಿ, ದುಡ್ಡು ಎಣಿಸಿ, ಅಭ್ಯಾಸಬಲದಿಂದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೇಹೋದರು. ಡ್ರಾಯರ್ ಎಳೆದರೆ ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡುಗಳು ರಾಶಿ, ಅವು ಕೂದಲಿಗೆ ಯಮ. ಸಾಲು ಬಾಗಿಲು ಮುಟ್ಟಿತ್ತು. ನನ್ನ ಪರದಾಟ ನೋಡಲಾರದೆ ಕ್ಯಾಷಿಯರ್ ಮೇಡಂ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತು, "ಹೊಳ್ಳಾಡಬ್ಯಾಡ್ರಿ ಮತ್ತ" ಎಂದು ಕೂದಲನ್ನು ಮೂರು ಪಾಲು ಮಾಡಿದರು. ಎರಡೇ ನಿಮಿಷ. ಹೆರಳು ಮುಗಿಸಿ, ತಮ್ಮ ತಲೆಯಿಂದಲೇ ಒಂದು ಪಿನ್ನು ತೆಗೆದು ತುದಿಗೆ ಸಿಕ್ಕಿಸಿ, ಬೆನ್ನು ತಟ್ಟಿ ಹೋದರು.

ಸಾಲಿನಲ್ಲಿ ಮುಂದಿದ್ದ ಹೆಂಗಸು ಪಾಸ್‌ಬುಕ್ ಚಾಚಿ, ನನ್ನ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಯಾಕೆ ಮೇಡಂ, ನನ್ನ ಅಕೌಂಟಲ್ಲಿ ಏನಾದ್ರೂ ಆಗಿದ್ಯಾ?"